ರಹಿಮಾನಸಾಬ ‘ಹಚ್ರಿ’ ಅಂದರೆ

ಬೆಳಗ್ಗೆ ಏಳೂವರೆಗೆ ರಹಿಮಾನಸಾಬ ಟ್ಯಾಂಕಿನ ಅಂಗಳದ ಜಾಲರಿ ಗೇಟಿನ ಮುಂದೆ ನಿಂತು ತನ್ನ ಜೇಬುಗಳನ್ನು ತಾನೇ ತಡವಿಕೊಳ್ಳುತ್ತಿದ್ದ. ಮೊಬೈಲು ಹೊರಗಿನ ಗೂಡಿನಲ್ಲಿ, ಮನೆಯ ಕೀಲಿಕೈ ಅದರ ಪಕ್ಕ. ಆಮೇಲೆ ಕಂಬಕ್ಕೆ ಹೊಡೆದ ತಾಮ್ರದ ಪಟ್ಟಿಯ ಮೇಲೆ ಬರಿ ಅಂಗೈ ಊರಿ, ಮೈಯಲ್ಲಿ ಕೂತ ಕರೆಂಟನ್ನೆಲ್ಲ ಭೂಮಿಗೆ ಇಳಿಸಿ ಒಳಗೆ ಕಾಲಿಡುತ್ತಿದ್ದ. ದರ್ಗಾದ ಹೊಸ್ತಿಲು ಮುಟ್ಟಿದಂಗ ಮುಟ್ಟತಾನ ನೋಡು, ಅಂತ ಜನ ನಗುತ್ತಿದ್ದರು. ನಗಲಿ ಬಿಡು ಅನ್ನುತ್ತಿದ್ದ. ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ಆ ಪಟ್ಟಿ ಮುಟ್ಟದೆ ಒಳಗೆ ಹೋದವನಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯಿಂದ ಕೆಂಪು ಎಣ್ಣೆ ತೆಗೆಯುವ ಕಾರ್ಖಾನೆ ಅದು. ಕಾಯಿಯ ಪುಡಿಯ ಮೇಲೆ ಹೆಕ್ಸೇನ್ ಹರಿಸಿದರೆ ಬಣ್ಣ, ಖಾರ ಎಲ್ಲ ಅದರೊಳಗೆ ಇಳಿದು ಬರುತ್ತದೆ. ಕಾಸಿ ಹೆಕ್ಸೇನನ್ನು ಬೇರೆ ಮಾಡಿದರೆ ಎಣ್ಣೆ ಉಳಿಯುತ್ತದೆ. ಕಾರ್ಖಾನೆಯವರ ಬಾಯಲ್ಲಿ ಅದು ಬರೀ ಸಾಲ್ವೆಂಟು. ನೋಡಲಿಕ್ಕೆ ತಿಳಿನೀರು, ಮೂಸಿದರೆ ಪೆಟ್ರೋಲಿನ ತಮ್ಮ. ತೆರೆದಿಟ್ಟರೆ ಕಣ್ಣೆದುರಿಗೇ ಆರಿಹೋಗುತ್ತದೆ, ಆದರೆ ಹೋಗಿರುವುದಿಲ್ಲ. ಅದರ ಆವಿ ಒಲೆಯ ಹೊಗೆಯ ಹಾಗೆ ಮೇಲೆ ಏರುವುದಿಲ್ಲ. ನೆಲ ಹಿಡಿದು, ತಗ್ಗು ಹುಡುಕಿಕೊಂಡು, ಕಾಣದ ಹಾಗೆ ಹರಿದು, ಗಟಾರದಲ್ಲೋ ಗುಂಡಿಯಲ್ಲೋ ಮಲಗಿ ಒಂದು ಕಿಡಿಯ ದಾರಿ ಕಾಯುತ್ತದೆ. ಅದನ್ನು ಕಾಯುವವನು ರಹಿಮಾನಸಾಬ.

ಟ್ಯಾಂಕರ್ ಬಂದರೆ ಇಂಜಿನ್ನು ಬಂದ್ ಮಾಡಿಸಿ, ಗಾಲಿಗೆ ಅಡ್ಡ ಕಟ್ಟಿಗೆ ಕೊಟ್ಟು, ಮೊದಲು ಅರ್ಥಿಂಗ್ ತಂತಿಯ ಚಿಮಟ ಕಚ್ಚಿಸುತ್ತಿದ್ದ, ಪೈಪು ಆಮೇಲೆ. ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಅಂಗಳದೊಳಗೆ ಬರುವ ಹಾಗಿರಲಿಲ್ಲ, ಹಿತ್ತಾಳೆಯದೇ ಬೇಕು. ಸಾಲ್ವೆಂಟನ್ನು ಜೋರಾಗಿ ಬಿಡುವ ಹಾಗಿಲ್ಲ, ಜೋರಾಗಿ ಹರಿದರೆ ಅದರ ತಿಕ್ಕಾಟದಿಂದಲೇ ಕಿಡಿ ಹುಟ್ಟುತ್ತದೆ. ಟೆರಿಲಿನ್ ಅಂಗಿ ಹಾಕಿಕೊಂಡು ಬಂದ ಡ್ರೈವರನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂಡಿಸಿಬಿಡುತ್ತಿದ್ದ.

ಇವೆಲ್ಲಕ್ಕಿಂತ ದೊಡ್ಡದು ಅವನ ಮೂಗು. ಆವಿ ಕಂಡರೆ ಕೂಗುವ ಮೀಟರೊಂದನ್ನು ಪಂಪಿನ ಹತ್ತಿರ ಕೂಡಿಸಿದ್ದರು ನಿಜ. ಮೆಣಸಿನಕಾಯಿ ಧೂಳು ಅದರ ಬಾಯಿಗೆ ಹೊಕ್ಕು ಸೀಜನ್ನಿನಲ್ಲಿ ದಿನಕ್ಕೆ ಮೂರು ಸಲ ಸುಮ್ಮಸುಮ್ಮನೆ ಕೂಗುತ್ತಿತ್ತು. ಆಗ ಪಾಳಿಯ ಮುಖ್ಯಸ್ಥ ಶಂಭುಲಿಂಗ ಅದನ್ನು ನೋಡದೆ ಇವನನ್ನು ನೋಡುತ್ತಿದ್ದ. “ಸಾಬ್ರ, ನೀವ ಒಮ್ಮೆ ಮೂಸಿ ಹೇಳ್ರಿ.” ರಹಿಮಾನಸಾಬ ಮೊಣಕಾಲೂರಿ, ಗಟಾರದ ಉದ್ದಕ್ಕೂ ಮೂಗು ನೆಲಕ್ಕೆ ತಾಗಿಸಿದ ಹಾಗೆ ನಡೆದು, ಎದ್ದು ನಿಂತು ಒಂದೇ ಮಾತು ಹೇಳುತ್ತಿದ್ದ: “ಹಚ್ರಿ.” ಆ ಮಾತಿನ ಮೇಲೆ ವೆಲ್ಡಿಂಗ್ ಕಿಡಿ ಹಾರುತ್ತಿತ್ತು.

ಅಂಥ ಮನುಷ್ಯನ ಹತ್ತಿರ ಮಾತಾಡಲಿಕ್ಕೆ ಯಾರೂ ಬರುತ್ತಿರಲಿಲ್ಲ. ಹೆಂಗೆ ಬರಬೇಕು? ಬೀಡಿ ಸೇದುವವರಿಗೆ ಅಲ್ಲಿ ಜಾಗವಿಲ್ಲ, ಮೊಬೈಲು ಬಿಟ್ಟು ಬರಲು ಯಾರಿಗೂ ಮನಸ್ಸಿಲ್ಲ. ಹೆಂಡತಿ ರಸೂಲಬಿ ತೀರಿಕೊಂಡು ಮೂರು ವರ್ಷ. ಮಗಳು ಕೈಸರ ರಾಣೆಬೆನ್ನೂರಿನ ಗಂಡನ ಮನೆಯಲ್ಲಿ. ಅಂಗಳದಲ್ಲಿ ಒಬ್ಬನೇ, ಮನೆಯಲ್ಲೂ ಒಬ್ಬನೇ. ಜಾಲರಿಯ ಹತ್ತಿರ ಜನ ಬರುತ್ತಿದ್ದದ್ದು ಒಂದೇ ಕಾರಣಕ್ಕೆ: ಕೈ ಉರಿ. ಪುಡಿ ಒತ್ತುವವರ ಕೈಗೆ ಖಾರದ ಎಣ್ಣೆ ಹತ್ತಿದರೆ ನೀರಿಗೆ ಬಿಡುವುದಿಲ್ಲ, ತೊಳೆದಷ್ಟೂ ಉರಿ. ಸಾಲ್ವೆಂಟಿನ ಅರಿವೆಯಿಂದ ಒರೆಸಿದರೆ ಒಂದೇ ಸಲಕ್ಕೆ ಮಾಯ. ಅದಕ್ಕೆ ರಹಿಮಾನಸಾಬ ಐದು ಲೀಟರಿನ ಒಂದು ಡಬ್ಬಿಯನ್ನು ಜಾಲರಿಯ ಮೂಲೆಯಲ್ಲಿ ಇಟ್ಟಿದ್ದ.

“ಸಾಬ್ರ, ಕೈ ಬೆಂಕಿ ಆಗ್ಯಾವ್ರಿ.”

“ಚಾಚು ಇಲ್ಲಿ. ನಿನ್ನೆ ಹೇಳಿದ್ನಿಲ್ಲ ಕೈಗವಸ ಹಾಕ್ಕೊಂಡ ಮಾಡು ಅಂತ? ನಿಮ್ಮವ್ವನ ಮಾತೂ ಹಿಂಗ ಕೇಳತಿದ್ದಿಲ್ಲೇನು?”

“ನಿಮ್ಮ ಮಾತ ಕೇಳಾಕನ ಉರಿ ಹಚ್ಚಿಕೊಂಡ ಬರತೀನ್ರಿ.”

ಎರಡು ನಿಮಿಷದ ಮಾತು. ಅಷ್ಟರಲ್ಲಿ ಅವರ ಮನೆಯ ಸುದ್ದಿ, ಊರಿನ ಸುದ್ದಿ, ಒಂದು ನಗು. ಆ ಡಬ್ಬಿ ಅಲ್ಲಿರಬಾರದು, ಇವನಿಗೆ ಗೊತ್ತಿತ್ತು. ಸಾಲ್ವೆಂಟು ಚರ್ಮದ ಜಿಡ್ಡು ಹೀರಿ ಕೈ ಬಿಳುಚಿ ಬಿರಿಯುತ್ತದೆ, ವರ್ಷಗಟ್ಟಲೆ ಮಾಡಿದರೆ ಬೆರಳ ತುದಿ ಜುಮುಜುಮು ಅಂದು ಸ್ಪರ್ಶವೇ ಹೋಗುತ್ತದೆ ಅಂತಲೂ ಗೊತ್ತಿತ್ತು. ಅಂಗಳದ ಎಲ್ಲ ಕಾಯಿದೆ ಪಾಲಿಸಿದವನು ಇದೊಂದನ್ನು ಮಾತ್ರ ಪಾಲಿಸಲಿಲ್ಲ. ಡಬ್ಬಿ ತೆಗೆದರೆ ಜಾಲರಿಯ ಹತ್ತಿರ ಯಾರು ಬರುತ್ತಾರೆ?

ಶ್ರಾವಣದಲ್ಲಿ ಅವನಿಗೊಂದು ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದ. ಎದ್ದವನು ಭಾನುವಾರ ರಾಣೆಬೆನ್ನೂರಿಗೆ ಹೋಗಿ ಮೊಮ್ಮಗಳು ದಿಲನಾಜಳನ್ನು ಎತ್ತಿಕೊಂಡ. ಮೂರು ತಿಂಗಳ ಕೂಸು, ಆಗತಾನೇ ಎರೆದು ಲೋಬಾನದ ಹೊಗೆ ಹಾಕಿದ ತಲೆ. ರೂಢಿಯಂತೆ ಆ ನೆತ್ತಿಗೆ ಮೂಗು ಇಟ್ಟ. ಏನೂ ಇಲ್ಲ. ಇನ್ನೊಮ್ಮೆ ಎಳೆದ. ಗೋಡೆ ಮೂಸಿದ ಹಾಗೆ. ಸ್ವಲ್ಪ ಹೊತ್ತಿಗೆ ಕೂಸು ಬಟ್ಟೆ ಹೊಲಸು ಮಾಡಿಕೊಂಡಿತು. ಇವನು ಹಾಗೇ ಎದೆಗೆ ಅವುಚಿಕೊಂಡು ಕೂತಿದ್ದ. ಅಡುಗೆಮನೆಯಿಂದ ಬಂದ ಕೈಸರ ಮೂಗು ಮುಚ್ಚಿಕೊಂಡು ನಕ್ಕಳು. “ಅಬ್ಬಾ, ಮೂಗು ಎಲ್ಲಿ ಮಾರಿ ಬಂದ್ರಿ?” ಅವನೂ ನಕ್ಕ.

ಆ ವಾರವೇ ಬ್ಯಾಡಗಿಯ ಮನೆಯಲ್ಲಿ ಬೇಳೆ ಹೊತ್ತಿತು. ಓಣಿಯ ಎದುರು ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದ ಫಕ್ಕೀರವ್ವ ಓಡಿ ಬಂದು ಒಲೆ ಆರಿಸಿದಳು. “ರಹಿಮಾನಣ್ಣ, ಓಣಿ ತುಂಬ ಹೊತ್ತಿದ ವಾಸನಿ, ನೀ ಇಲ್ಲೇ ಕುಂತು ಪೇಪರ್ ಓದಾಕತ್ತೀಯಲ್ಲ.” ಹಾವೇರಿಗೆ ಹೋಗಿ ಕಿವಿ ಮೂಗಿನ ಡಾಕ್ಟರಿಗೆ ತೋರಿಸಿದ. ಜ್ವರದಿಂದ ವಾಸನೆಯ ನರ ಸತ್ತ ಹಾಗಿದೆ, ಬಂದರೆ ಬರಬಹುದು, ಬರದೆಯೂ ಇರಬಹುದು ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ ಮೋಟೆಬೆನ್ನೂರು ದಾಟಿದ ಮೇಲೆ ಎಲ್ಲರೂ ಖಾರದ ಘಾಟಿಗೆ ಕೆಮ್ಮಿದರು. ಇವನಿಗೂ ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು. ವಾಸನೆ ಮಾತ್ರ ಇರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಅಂಗಳ ಹೋಗುತ್ತದೆ. ಅಂಗಳ ಹೋದರೆ ತಾನು ಯಾರು?

ಮೊದಲಿಗಿಂತ ಹೆಚ್ಚು ಹುಷಾರಾದ. ಪೈಪಿನ ಕೀಲಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೋ ಅಂತ ನೋಡುತ್ತಿದ್ದ. ಬಿಸಿಲಿನಲ್ಲಿ ಗಟಾರದ ಬಾಯಿಯ ಗಾಳಿ ನಡುಗುತ್ತದೋ ಅಂತ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದ. ಶಂಭುಲಿಂಗ ಮೂಸಿರಿ ಅಂದಾಗ ಮಾತ್ರ ಅದೇ ಹಳೆಯ ಹಾಗೆ ಮೊಣಕಾಲೂರಿ ನಡೆದು, ಎದ್ದು, ಸುತ್ತಲಿನವರ ಮುಖ ನೋಡಿ, ಯಾರ ಮೂಗೂ ಕಿವಿಚಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು “ಹಚ್ರಿ” ಅಂದಿದ್ದ. ನಾಲ್ಕು ಸಲ. ನಾಲ್ಕೂ ಸಲ ವೆಲ್ಡಿಂಗ್ ಮುಗಿಯುವ ತನಕ ಗಟಾರದ ಬಾಯಿ ಬಿಟ್ಟು ಕದಲಿರಲಿಲ್ಲ.

ಜನವರಿಯ ಒಂದು ಮಂಗಳವಾರ. ಸೀಜನ್ ಭರ್ತಿ. ಅಂಗಳದ ಜಾಲರಿಯ ಆಚೆ, ಇಪ್ಪತ್ತು ಹೆಜ್ಜೆಯಲ್ಲಿ, ಉಗಿಯ ಪೈಪು ಹೊತ್ತ ಕಬ್ಬಿಣದ ಕಾಲು ಬಿರುಕು ಬಿಟ್ಟಿತ್ತು. ಅದನ್ನು ಬೆಸೆಯಲು ಯಲ್ಲೇಶ ಅನ್ನುವ ವೆಲ್ಡರನನ್ನು ಕರೆಸಿದ್ದರು. ಹೋದ ತಿಂಗಳಷ್ಟೇ ಮದುವೆಯಾದವನು, ಮಣಿಕಟ್ಟಿಗೆ ಇನ್ನೂ ಅರಿಶಿಣದ ಕಂಕಣ. ಕೈಯಲ್ಲಿ ಹಿಡಿದು ನೋಡುವ ಸಣ್ಣ ಮೀಟರು ರಿಪೇರಿಗೆ ಹುಬ್ಬಳ್ಳಿಗೆ ಹೋಗಿತ್ತು. ಯಲ್ಲೇಶ ಮುಖದ ಮುಸುಕು ಏರಿಸಿ ಕೂತ ಹೊತ್ತಿಗೆ ಪಂಪಿನ ಮೀಟರು ಕೂಗಿತು.

“ಬಂತು ನೋಡ್ರಿ ಮೆಣಸಿನಕಾಯಿ ಧೂಳು,” ಅಂದ ಶಂಭುಲಿಂಗ. “ಸಾಬ್ರ, ಒಂದ ಸುತ್ತ ಮೂಸಿ ಬರ್ರಿ. ಲಗೂ ಮುಗಸೂಣು.”

ರಹಿಮಾನಸಾಬ ಹೋದ. ಜಾಲರಿಯ ಮೂಲೆಗೆ ಬಂದವನು ಅಲ್ಲೇ ನಿಂತ. ಡಬ್ಬಿ ಅಡ್ಡ ಬಿದ್ದಿತ್ತು. ಬಾಯಿಗೆ ಮುಚ್ಚಳವಿಲ್ಲ, ಒಳಗೆ ಒಂದು ಹನಿ ಇಲ್ಲ. ಬೆಳಗ್ಗೆ ಒಬ್ಬನ ಕೈಗೆ ಸುರಿಯುವಾಗ ಟ್ಯಾಂಕರ್ ಬಂದಿತ್ತು. ಮುಚ್ಚಳ ಜೇಬಿಗೆ ಹಾಕಿಕೊಂಡು ಅರ್ಥಿಂಗ್ ತಂತಿಗೆ ಓಡಿದ್ದ. ಪೈಪು ಎಳೆದಾಡುವಾಗ ಡಬ್ಬಿಗೆ ತಾಗಿರಬೇಕು. ಜೇಬು ಮುಟ್ಟಿದ. ಮುಚ್ಚಳ ಇನ್ನೂ ಅಲ್ಲೇ ಇತ್ತು. ಬಿದ್ದ ಜಾಗ ಗಟಾರದ ತುಟಿ. ಗಟಾರ ಚಪ್ಪಡಿ ಹೊದ್ದು ಜಾಲರಿಯ ಕೆಳಗೆ ಹಾದು ಯಲ್ಲೇಶ ಕೂತಲ್ಲಿಗೇ ಹೋಗುತ್ತದೆ. ಮೂಗಿದ್ದಿದ್ದರೆ ಬೆಳಗ್ಗೆಯೇ ಇಡೀ ಅಂಗಳ ಅವನಿಗೆ ಹೇಳುತ್ತಿತ್ತು.

“ಐತಿ,” ಅಂದ, ತಿರುಗಿ. “ಹಚ್ಚಬ್ಯಾಡ್ರಿ. ಯಾರೂ ಹಚ್ಚಬ್ಯಾಡ್ರಿ.”

ಎಲ್ಲರೂ ದೂರ ಸರಿದರು. ಶಂಭುಲಿಂಗ ಮೆಚ್ಚಿ ತಲೆ ಆಡಿಸಿದ: “ನೋಡೋ ಯಲ್ಲೇಶ, ಇದು ಮೂಗು. ಮಷೀನು ಸುಳ್ಳ ಹೇಳತೈತಿ, ಸಾಬ್ರ ಮೂಗು ಹೇಳೂದಿಲ್ಲ.” ಯಾರೋ ಬುದ್ಧಿಯಿಲ್ಲದೆ ಪೈಪು ಹಿಡಿದು ಗಟಾರಕ್ಕೆ ನೀರು ಬಿಟ್ಟರು. ಸಾಲ್ವೆಂಟು ನೀರಿನ ಮೇಲೆ ತೇಲಿಕೊಂಡು ಮುಂದಕ್ಕೇ ಹೋಗುತ್ತದೆ ಅಂತ ರಹಿಮಾನಸಾಬ ಕೂಗುವಷ್ಟರಲ್ಲಿ ನಾಲ್ಕು ಬಕೇಟಿನಷ್ಟು ನೀರು ಹೋಗಿತ್ತು. ಅರ್ಧ ತಾಸಿಗೆ ಪಂಪಿನ ಮೀಟರು ಬಾಯಿ ಮುಚ್ಚಿತು. ಅದು ಕೂತದ್ದು ಈ ಕಡೆ. ಚಪ್ಪಡಿಯ ಕೆಳಗೆ, ಆ ಕಡೆ ಏನಿದೆಯೋ ಅದಕ್ಕೇನು ಗೊತ್ತು?

“ಆತಲ್ಲ? ಇನ್ನೊಮ್ಮೆ ಮೂಸಿ ಹೇಳಿಬಿಡ್ರಿ ಸಾಬ್ರ, ಹಚ್ಚಸ್ತೀನಿ.”

ಯಲ್ಲೇಶ ಮತ್ತೆ ಬಂದು ಗಟಾರದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ರಹಿಮಾನಸಾಬ ಮೊಣಕಾಲೂರಿದ. ಚಪ್ಪಡಿಗಳ ಸಂದಿಗೆ ಮೂಗು ಇಟ್ಟು ಎಳೆದ. ತಣ್ಣಗಿನ ಗಾಳಿ. ತಲೆ ಎತ್ತಿ ರೂಢಿಯಂತೆ ಸುತ್ತಲಿನ ಮುಖಗಳನ್ನು ಹುಡುಕಿದ. ಎಲ್ಲರೂ ದೂರ, ಬಾಯಿಗೆ ಅರಿವೆ ಕಟ್ಟಿಕೊಂಡವರು. ಎಲ್ಲರ ಕಣ್ಣೂ ಇವನ ಮುಖದ ಮೇಲೆ. ಬೇಡ ಅನ್ನುವ ಸುಳ್ಳನ್ನು ಎಷ್ಟು ಸಲ ಬೇಕಾದರೂ ಹೇಳಬಹುದಿತ್ತು. ಹಚ್ಚಿರಿ ಅನ್ನುವ ಸುಳ್ಳನ್ನು ಆ ಕಂಕಣ ನೋಡಿ ಹೇಳಲಾಗಲಿಲ್ಲ.

“ನನಗ ವಾಸನಿ ಬರೂದಿಲ್ಲ, ಶಂಭುಲಿಂಗಪ್ಪಾರ.”

“ಹಂಗಾರ ಹಚ್ಚಲೇನು?”

“ಅಲ್ರಿ. ನನಗ ಯಾವ ವಾಸನಿನೂ ಬರೂದಿಲ್ಲ. ಜ್ವರ ಬಂದಾಗಿಂದ. ಆರು ತಿಂಗಳಾತು.”

ಶಂಭುಲಿಂಗ ಹತ್ತಿರ ಬಂದ. ಬಯ್ಯಲಿಲ್ಲ. ಬಹಳ ಮೆಲ್ಲಗೆ ಕೇಳಿದ: “ದಸರಾ ಮುಂದ ಕಂಡೆನ್ಸರ್ ಬೆಸದ್ವಿ. ಆವಾಗೂ ಹಚ್ರಿ ಅಂದ್ರಿ.”

“ಅಂದೆ.”

“ಹೆಂಗ ಅಂದ್ರಿ ಮತ್ತ?”

“ನಿಮ್ಮ ಮಾರಿ ನೋಡಿ ಅಂದೆ.”

“ನಾವು ನಿಮ್ಮ ಮಾರಿ ನೋಡಕೋತ ನಿಂತಿದ್ವಲ್ರಿ ಮಾರಾಯ್ರ,” ಅಂದ ಶಂಭುಲಿಂಗ. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟ. ರಹಿಮಾನಸಾಬ ಜೇಬಿನಿಂದ ಮುಚ್ಚಳ ತೆಗೆದು ಅವನ ಅಂಗೈಯಲ್ಲಿ ಇಟ್ಟು ಡಬ್ಬಿಯ ಕಥೆಯನ್ನೂ ಹೇಳಿದ. ಯಲ್ಲೇಶ ತನ್ನ ಸಾಮಾನು ಎತ್ತಿಕೊಂಡು ಗೇಟಿನಾಚೆ ಹೋಗಿ ನಿಂತ.

ಅವತ್ತು ಕೆಲಸ ಬಂದ್. ಚಪ್ಪಡಿ ಒಂದೊಂದಾಗಿ ಎತ್ತಿಸಿ ರಾತ್ರಿಯಿಡೀ ಗಾಳಿಯಾಡಲು ಬಿಟ್ಟರು. ಮರುದಿನ ಬೇರೆ ಕಡೆಯಿಂದ ಮೀಟರು ತಂದು ಇಳಿಬಿಟ್ಟರೆ, ತಗ್ಗಿನ ಒಂದು ಮೂಲೆಯಲ್ಲಿ ಅದು ಆಗಲೂ ಕೂಗಿತಂತೆ. ಅದನ್ನು ರಹಿಮಾನಸಾಬನಿಗೆ ಹೇಳಿದವನು ಶಂಭುಲಿಂಗನೇ.

ನೌಕರಿ ಹೋಗಲಿಲ್ಲ. ಮುಂದಿನ ಗೇಟಿಗೆ ಹಾಕಿದರು. ಈಗ ಒಳಗೆ ಹೋಗುವವರ ಮೊಬೈಲು, ಕಡ್ಡಿಪೆಟ್ಟಿಗೆ, ಲೈಟರು ಇಸಿದುಕೊಂಡು ಗೂಡಿಗೆ ಹಾಕುವುದು ಅವನ ಕೆಲಸ. ಡಬ್ಬಿಯ ಬದಲಿಗೆ ಶೇಂಗಾ ಎಣ್ಣೆ ಇಡಿರಿ, ಮೊದಲು ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಿದರೆ ಖಾರ ಬಿಡುತ್ತದೆ ಅಂತ ಅವನೇ ಹೇಳಿದ್ದ. ಇಟ್ಟರು, ಪುಡಿ ಒತ್ತುವ ಕೋಣೆಯ ಒಳಗೇ. ಒಳ್ಳೆಯದೇ ಆಯಿತು. ಕೈ ಉರಿಯಿತೆಂದು ಯಾರೂ ಯಾರ ಹತ್ತಿರವೂ ಹೋಗಬೇಕಿಲ್ಲ. ಗೇಟಿನಲ್ಲಿ ಮೊಬೈಲು ಕೊಡುವವರು ಕೊನೆಯ ಮೆಸೇಜು ನೋಡುತ್ತಲೇ ಕೊಟ್ಟು ಹೋಗುತ್ತಾರೆ.

ಭಾನುವಾರ ಕೈಸರಳಿಗೂ ಹೇಳಿದ. ಈ ಸಲ ಅವಳು ನಗಲಿಲ್ಲ. ಕೂಸನ್ನು ಕಂಕುಳಿಗೆ ಏರಿಸಿಕೊಂಡು, ಸೀದಾ ಕೇಳಿದಳು: “ಮನ್ಯಾಗ ಗ್ಯಾಸ್ ಸೋರಿದ್ರ ನಿಮಗ ಹೆಂಗ ತಿಳೀತದ ಅಬ್ಬಾ?” ಇಪ್ಪತ್ತೊಂದು ವರ್ಷ ಟ್ಯಾಂಕು ಕಾಯ್ದವನಿಗೆ ತನ್ನ ಅಡುಗೆಮನೆಯ ಸಿಲಿಂಡರಿನ ನೆನಪೇ ಆಗಿರಲಿಲ್ಲ. ಅವಳು ಅಲ್ಲಿಂದಲೇ ಫಕ್ಕೀರವ್ವನಿಗೆ ಫೋನು ಹಚ್ಚಿದಳು.

ಅಂದಿನಿಂದ ಒಂದು ಪದ್ಧತಿ. ರಾತ್ರಿ ರೆಗ್ಯುಲೇಟರ್ ಬಂದ್. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ಬಾಗಿಲು ತೆರೆದು, ಲೈಟಿನ ಸ್ವಿಚ್ಚು ಮುಟ್ಟದೆ, ಹೊಸ್ತಿಲಲ್ಲಿ ನಿಂತು ಕೂಗುತ್ತಾನೆ. ಫಕ್ಕೀರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ ಸಿಲಿಂಡರಿನ ಬುಡಕ್ಕೆ ಮೂಗು ಹಿಡಿಯುತ್ತಾಳೆ. ಬುಡಕ್ಕೇ ಹಿಡಿ, ಅದು ಕೆಳಗ ಕುಂದ್ರತೈತಿ ಅಂತ ಅವನೇ ಕಲಿಸಿದ್ದು. “ಏನಿಲ್ಲ ರಹಿಮಾನಣ್ಣ, ಹಚ್ಚು,” ಅನ್ನುತ್ತಾಳೆ. ಅವನು ಹಚ್ಚುತ್ತಾನೆ. ಚಹಾಕ್ಕೆ ನಿಲ್ಲು ಅಂದರೆ ತೊಟ್ಟು ಮುರಿಯುವ ಚೀಲ ಕಾದಿದೆ ಅಂತ ಹೋಗುತ್ತಾಳೆ.

ಹೋದ ಶುಕ್ರವಾರ ಕೂಗಿದರೆ ಉತ್ತರ ಬರಲಿಲ್ಲ. ಎದುರು ಬಾಗಿಲಿಗೆ ಬೀಗ. ತಂಗಿಯ ಮಗಳ ಸೀಮಂತಕ್ಕೆ ಗಳಗನಾಥಕ್ಕೆ ಹೋಗುತ್ತೇನೆ, ಸಂಜೆಗೆ ಬರುತ್ತೇನೆ ಅಂತ ಹಿಂದಿನ ದಿನವೇ ಹೇಳಿದ್ದಳು, ಇವನೇ ಮರೆತಿದ್ದ. ಓಣಿಯಲ್ಲಿ ಬೇರೆ ಮನೆಗಳಿದ್ದವು. ನಾಲ್ಕು ಹೆಜ್ಜೆ ನಡೆದ, ಒಂದು ಬಾಗಿಲ ಮುಂದೆ ನಿಂತ. ನಮ್ಮ ಮನೆಗೆ ಬಂದು ಮೂಸಿ ಹೋಗ್ರಿ ಅಂತ ಬಳಕೆ ಇಲ್ಲದವರಿಗೆ ಹೆಂಗ ಹೇಳುವುದು? ತಿರುಗಿ ಬಂದ.

ಹೊಸ್ತಿಲ ಮೇಲೆ ಕೂತು, ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚಿ ಹಾಕಿಕೊಂಡು ತಿಂದ. ಉಳ್ಳಾಗಡ್ಡಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡ. ಒಳಗೆ ಚಹಾದ ಪಾತ್ರೆಗೆ ನೀರು, ಪುಡಿ ಹಾಕಿ ಒಲೆಯ ಮೇಲೆ ಇಟ್ಟೇ ಇತ್ತು. ಆಮೇಲೆ ಎದ್ದು, ಬಾಗಿಲು ಎಳೆದುಕೊಂಡು ಗೇಟಿನ ಪಾಳಿಗೆ ಹೋದ. ಸಂಜೆ ಫಕ್ಕೀರವ್ವ ಬರುವ ತನಕ ಚಹಾದ ಪಾತ್ರೆ ಅಲ್ಲೇ, ಹಚ್ಚದ ಒಲೆಯ ಮೇಲೆ ಇತ್ತು.