ಸಮುದ್ರದ ದಂಡೆಯ ಖಾನಾವಳಿ

ನೀಲವ್ವ ಇಪ್ಪತ್ತೊಂಬತ್ತು ವರ್ಷ ಕುಂದಗೋಳದ ಮಂದಿಗೆಲ್ಲ ಬಿಸಿ ರೊಟ್ಟಿ ಬಡಿದು ಹಾಕಿದಳು. ತಾನು ಮಾತ್ರ ಒಂದು ದಿನವೂ ಬಿಸಿ ರೊಟ್ಟಿ ತಿನ್ನಲಿಲ್ಲ. ಗಿರಾಕಿಗಳೆಲ್ಲ ಉಂಡೆದ್ದು, ಗಂಡನ ಊಟವೂ ಮುಗಿದು, ಒಲೆ ಆರಿದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದನ್ನು ತೆಗೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದಳು. "ಒಂದರ ಬಿಸೀದು ತಿನ್ನಬಾರದೇನ ನೀಲವ್ವಾ?" ಎಂದು ಒಮ್ಮೆ ಕೇಳಿದ್ದೆ. "ಬಡಿಯೂ ಕೈಲೆ ಉಣ್ಣೂದು ಹೆಂಗ್ರಿ ಅಕ್ಕಾರ? ಎರಡೂ ಕೈಗೆ ಹಿಟ್ಟು ಹತ್ತಿರತೈತಿ" ಎಂದು ನಕ್ಕಿದ್ದಳು.

ಈ ನೀಲವ್ವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸಿ ಹೇಳುವುದು ಬೇಡ. ನಾನು ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ನಮ್ಮ ಮನೆಯವರೂ ಮಾಸ್ತರರಾಗಿಯೇ ನಿವೃತ್ತರಾದರು. ಆಕೆ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆಕೆಯ ಗಂಡ ಫಕೀರಪ್ಪ ಮೂರು ಗಾಲಿಯ ಟಂಟಂ ಗಾಡಿ ಹೊಡೆಯುವವನು. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಗಂಡ ಹೆಂಡತಿ ಏನೋ ಮಾತಾಡಿ ನಗುವುದು ಕೇಳುತ್ತಿತ್ತು. ಈಚೆ ನಮ್ಮ ಮನೆಯಲ್ಲಿ ಟಿವಿ ಮಾತಾಡುತ್ತಿತ್ತು.

ಆಕೆಯ ಖಾನಾವಳಿ ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ಇತ್ತು. ಬಸ್ಸಿಗೆ ಕಾಯುವವರ ಕಣ್ಣು ಒಳಗೆ ಉಣ್ಣುವವರ ತಾಟಿನ ಮೇಲೆ ಬೀಳುವುದು ಸಹಜ. ನೀಲವ್ವ ಒಲೆಯ ಮುಂದೆ ಕೂತೇ ಅದನ್ನು ಗಮನಿಸುತ್ತಿದ್ದಳು. ಯಾರಾದರೂ ಸ್ವಲ್ಪ ಹೆಚ್ಚು ಹೊತ್ತು ನೋಡಿದರೆ ಸಾಕು, ಗಿರಾಕಿಗೆ ಹಾಕಬೇಕಾದ ರೊಟ್ಟಿಯನ್ನು ಅರ್ಧಕ್ಕೆ ಮುರಿದು, ಮೇಲೆ ಪುಂಡಿಪಲ್ಯ ಇಟ್ಟು, "ಯಣ್ಣಾ, ಬಾ ಇಲ್ಲಿ, ಇದನ್ನ ತಿಂದು ಹೋಗು" ಎಂದು ಕರೆಯುತ್ತಿದ್ದಳು. ಗಿರಾಕಿ ಮುಖ ಸಿಂಡರಿಸಿದರೆ ಅವನಿಗೂ ಒಂದು ಮಾತು: "ಸಿಟ್ಟಾಗಬ್ಯಾಡ್ರಿ. ಇನ್ನೊಬ್ಬರ ಕಣ್ಣು ಬಿದ್ದ ಊಟಾ ಅರಗೂದಿಲ್ಲ. ಅಂವಗ ಕೊಟ್ಟದ್ದು ನಿಮ್ಮ ಹೊಟ್ಟಿ ಸಲವಾಗೇ." ಬರೀ ಬಾಯಿಮಾತಲ್ಲ, ಆಕೆ ಇದನ್ನು ನಿಜವಾಗಿ ನಂಬಿದ್ದಳು.

ಮದುವೆಯಾಗಿ ಮೂವತ್ತು ವರ್ಷ ತುಂಬುವ ಹೊತ್ತಿಗೆ ಆಕೆಯ ತಲೆಯಲ್ಲಿ ರೆಸಾರ್ಟ್ ಹೊಕ್ಕಿತು. ಹೊಗಿಸಿದವರು ಖಾನಾವಳಿಗೆ ಬರುತ್ತಿದ್ದ ಒಬ್ಬ ಬ್ಯಾಂಕಿನ ಸಾಹೇಬರು. ಗೋವಾದ ಸಮುದ್ರದ ದಂಡೆಯಲ್ಲಿ ಅಂಥ ಜಾಗಗಳಿವೆ, ಹೋದಕೂಡಲೆ ಕೈಗೊಂದು ಪಟ್ಟಿ ಕಟ್ಟುತ್ತಾರೆ, ಆಮೇಲೆ ಮೂರು ದಿನ ಚಹಾ, ನಾಷ್ಟಾ, ಎರಡು ಹೊತ್ತಿನ ಊಟ, ಕುಡಿಯುವುದು, ಮಲಗುವುದು ಎಲ್ಲಾ ಅದರಲ್ಲೇ ಬಂತು, ಎಷ್ಟು ಬೇಕಾದರೂ ತಿನ್ನಿ, ಯಾರೂ ಕೇಳುವುದಿಲ್ಲ ಎಂದು ಅವರು ವರ್ಣಿಸಿದ್ದರು. ನೀಲವ್ವ ಕಿವಿಗೊಟ್ಟು ಕೇಳಿ, "ಅಂದ್ರ ಸಮುದ್ರದ ದಂಡಿ ಮ್ಯಾಲಿನ ಖಾನಾವಳಿ ಅನ್ರಿ. ಬಡಿಯಾಕಿ ಮಾತ್ರ ನಾ ಅಲ್ಲ" ಅಂದಳಂತೆ.

ಮರುದಿನ ಮಧ್ಯಾಹ್ನದ ಗಿರಾಕಿ ಮುಗಿಸಿ ಗಂಡ ಹೆಂಡತಿ ಇಬ್ಬರೂ ನಮ್ಮ ಪಡಸಾಲೆಗೆ ಬಂದರು. ಮೊಬೈಲಿನಲ್ಲಿ ಎಲ್ಲಾ ಇಂಗ್ಲಿಷಿನಲ್ಲಿದೆ, ಓದು ಬಲ್ಲ ಮಗಳು ಗಂಡನ ಮನೆಯಲ್ಲಿದ್ದಾಳೆ, ಅಕ್ಕಾರು ಓದಿ ಹೇಳಬೇಕು. ಹೀಗೆ ಎಂಟು ಹತ್ತು ದಿನ ನಡೆಯಿತು. ನಾನು ಕುರ್ಚಿಯ ಮೇಲೆ, ನೀಲವ್ವ ಜಮಖಾನೆಯ ಮೇಲೆ, ಫಕೀರಪ್ಪ ಹೊಸ್ತಿಲ ಹತ್ತಿರ. ನಾನು ಫೋಟೋ ತೋರಿಸುತ್ತಿದ್ದೆ. ಆಕೆ ಸಮುದ್ರ ನೋಡುತ್ತಿರಲಿಲ್ಲ, ಈಜುವ ಕೊಳ ನೋಡುತ್ತಿರಲಿಲ್ಲ. "ಅಡಗಿಮನಿ ತೋರಸ್ರಿ" ಎನ್ನುವಳು. ಅಡುಗೆಮನೆಯ ಫೋಟೋ ಯಾವ ರೆಸಾರ್ಟಿನವರೂ ಹಾಕಿರಲಿಲ್ಲ. "ತೋರಸೂದಿಲ್ಲ ಅಂದ್ರ ತೋರಸೂಹಂಗ ಇಲ್ಲ" ಎಂದು ನಾಲ್ಕೈದನ್ನು ಒಂದೇ ಏಟಿಗೆ ಹೊಡೆದು ಹಾಕಿದಳು.

ಉಳಿದವರಿಗೆ ಫೋನು ಹಚ್ಚಿದಳು. ಫೋನಿನ ಕೆಲಸಕ್ಕೆ ನನ್ನ ಹಂಗು ಬೇಕಿರಲಿಲ್ಲ. ಖಾನಾವಳಿಗೆ ಬರುವ ಲಾರಿಯವರ ಜೊತೆ ಆಡಿ ಆಡಿ ಆಕೆಗೆ ಹಿಂದಿ ಬರುತ್ತಿತ್ತು. ಆಕೆಯ ಪ್ರಶ್ನೆ ಕೇಳಿ ಆಚೆಯವರು ಬೆವರಿರಬೇಕು. ಪಲ್ಯ ಎಷ್ಟು ಥರ? ಮಧ್ಯಾಹ್ನ ಉಳಿದದ್ದು ಸಂಜೆಗೆ ಬೇರೆ ಹೆಸರು ಇಟ್ಟುಕೊಂಡು ಬರುತ್ತದೋ? ತಾಟಿಗೆ ಮೊದಲು ಏನು ಬೀಳುತ್ತದೆ, ಅನ್ನವೋ ಪಲ್ಯವೋ? ಫೋನು ಇಟ್ಟು ನನಗೆ ಆ ಒಳಗುಟ್ಟು ಬಿಡಿಸಿ ಹೇಳಿದಳು. "ಎಷ್ಟರ ತಿನ್ರಿ ಅನ್ನಾವ್ರು ಮೊದಲ ಅನ್ನಾ ತಂದು ಸುರೀತಾರ್ರಿ ಅಕ್ಕಾರ. ಹೊಟ್ಟಿ ಅಲ್ಲೇ ತುಂಬತೈತಿ. ಆಮ್ಯಾಲೆ ಹೋಳಿಗಿ ತಂದ್ರೂ ಯಾರು ತಿಂತಾರ? ನನಗ ಗೊತ್ತಿಲ್ಲೇನು, ನಾನೂ ಅದನ್ನ ಮಾಡೀನಿ."

ಇಷ್ಟೆಲ್ಲ ನೋಡಿ ನಾನು ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು. ಗೋವಾಕ್ಕೆ ಹೋಗುತ್ತಾರಲ್ಲ ಎಂದು ಅಲ್ಲ. ಗೋವಾಕ್ಕೆ ನಾನೂ ಹೋಗಿದ್ದೇನೆ, ಶಾಲೆಯ ಪ್ರವಾಸದಲ್ಲಿ, ಮಕ್ಕಳ ತಲೆ ಎಣಿಸುತ್ತ. ನನ್ನನ್ನು ಸುಟ್ಟದ್ದು ಫಕೀರಪ್ಪನ ಒಂದು ಮಾತು. ಒಂದೊಂದು ಫೋಟೋ ಬಂದಾಗಲೂ ಅವನು ಹೊಸ್ತಿಲ ಕಡೆಯಿಂದ ಬಗ್ಗಿ ನೋಡಿ ಹೆಂಡತಿಗೆ ಕೇಳುತ್ತಿದ್ದ: "ನಿನಗ ಯಾವ್ದು ಬೇಕ ಹೇಳು." ಹತ್ತು ದಿನದಲ್ಲಿ ಐವತ್ತು ಸಲ ಕೇಳಿರಬೇಕು. ನಲವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಯಾರೂ ಒಮ್ಮೆಯೂ ಹಾಗೆ ಕೇಳಿಲ್ಲ. ನಮ್ಮ ಮೂವತ್ತನೆಯ ವರ್ಷದ ದಿನ ನಾನೇ ನೆನಪು ಮಾಡಿದ್ದಕ್ಕೆ, "ಹೌದಲ್ಲ, ಈಗೇನ ಮಾಡಬೇಕಂತಿ?" ಎಂದು ನಮ್ಮವರು ಪೇಪರು ಮಗುಚಿದ್ದರು. ಆವತ್ತು ನವಲಗುಂದದಲ್ಲಿ ಯಾರದೋ ಮನೆಯ ವಾಸ್ತುಶಾಂತಿ ಇತ್ತು, ಅಲ್ಲಿಗೆ ಹೋಗಿ ಉಂಡು ಬಂದೆವು.

ಕೊನೆಗೆ ಎರಡು ಉಳಿದವು. ಒಂದರಲ್ಲಿ ತೆಂಗಿನ ಮರಗಳ ನಡುವೆ ಸಣ್ಣ ಸಣ್ಣ ಹಂಚಿನ ಮನೆಗಳು, ಕಟ್ಟೆಯ ಮೇಲೆ ಕೂತರೆ ಸಮುದ್ರ. ಇನ್ನೊಂದು ಹಳದಿ ಬಣ್ಣದ ಮೂರು ಅಂತಸ್ತಿನ ಕಟ್ಟಡ, ನಮ್ಮ ತಾಲೂಕು ಕಚೇರಿಯ ಥರ. ಆಕೆಗೆ ಮೊದಲನೆಯದೇ ಹಿಡಿಸಿತ್ತು. "ಹೋಗಿ ಬಂದಾವ್ರು ಏನ ಬರದಾರ, ಅದಷ್ಟು ಓದ್ರಿ" ಅಂದಳು.

ನಾನು ಓದತೊಡಗಿದೆ. ಆಗ ಫಕೀರಪ್ಪ ಹೆಗಲ ಮೇಲಿನ ಟಾವೆಲಿನ ತುದಿಯಿಂದ ಆಕೆಯ ಮೊಳಕೈಗೆ ಹತ್ತಿದ್ದ ಹಿಟ್ಟನ್ನು ಒರೆಸಿದ. "ಅಲ್ಲಿ ಚಹಾ ಖೋಲಿಗೇ ತಂದುಕೊಡ್ತಾರಂತ. ಮೂರು ದಿನಾ ನೀ ಲಗೂನ ಏಳೂದ ಬ್ಯಾಡ" ಅಂದ. ಆಕೆ ತಿರುಗಿಯೂ ನೋಡಲಿಲ್ಲ, ಸುಮ್ಮನೆ ಮೊಳಕೈ ಚಾಚಿದಳು. ದಿನಾಲು ನಡೆಯುವಂಥದು ಎನ್ನುವ ಹಾಗೆ.

ಮೊಬೈಲಿನಲ್ಲಿ ಬರೆದಿತ್ತು, ಇಲ್ಲಿ ಎಲ್ಲವನ್ನೂ ಕಣ್ಣೆದುರಿಗೇ ಮಾಡಿ ಬಿಸಿಬಿಸಿ ಹಾಕುತ್ತಾರೆ ಎಂದು. ಒಬ್ಬರಲ್ಲ, ಹತ್ತಾರು ಜನ ಬರೆದಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ. "ಊಟಾ ಆರಿ ತಣ್ಣಗಾಗಿರತೈತಿ ಅಂತ ಬರದಾರ. ಎಲ್ಲಾರೂ ಅದನ್ನ ಬರದಾರ ನೀಲವ್ವಾ."

ಆಕೆಯ ಮರ್ಮಕ್ಕೇ ನೋಡಿ ಹೊಡೆದಿದ್ದೆ. ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನೀಲವ್ವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಹೌದ್ರಿ? ಹಂಗಾದ್ರ ಆ ಹಳದೀದ ಇರಲಿ ತಗೋರಿ" ಎಂದು ಎದ್ದಳು.

ಅವರು ಹೋದ ಮೂರು ದಿನ ನನಗೆ ಊಟ ಸೇರಲಿಲ್ಲ. ಪಾಪದ ಭಯಕ್ಕೆ ಎಂದರೆ ಅದೂ ಸುಳ್ಳಾಗುತ್ತದೆ. ಹಳದಿ ಕಟ್ಟಡದ ಬಗ್ಗೆ ಬಂದ ಮಾತುಗಳನ್ನು ನಾನು ಆಮೇಲೆ ಓದಿದ್ದೆ. ಊಟ ತಣ್ಣಗಿರುತ್ತದೆ ಎಂದು ನಿಜವಾಗಿಯೂ ಬರೆದದ್ದು ಅಲ್ಲಿ. ಆಕೆ ಸಪ್ಪೆ ಮೋರೆ ಮಾಡಿಕೊಂಡು ಬರುತ್ತಾಳೆ, ನಾನು ಸಮಾಧಾನ ಹೇಳುತ್ತೇನೆ ಎಂದು ಕಾಯುತ್ತಿದ್ದೆ.

ನಾಲ್ಕನೆಯ ದಿನ ಬಂದಳು. ಕೈಯಲ್ಲಿ ಗೋಡಂಬಿಯ ಪಾಕೀಟು, ಮುಖದ ತುಂಬ ನಗೆ. ಹೋಗುವಾಗ, ಯಾವುದಕ್ಕೂ ಇರಲಿ ಎಂದು ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಹೋಗಿದ್ದಳು. ಆ ಗಂಟನ್ನು ಬಿಚ್ಚದೆ ಹಾಗೇ ವಾಪಸು ತಂದಿದ್ದಳು.

"ಊಟಾ ಹೆಂಗಿತ್ತ?" ನನ್ನ ಮೊದಲ ಪ್ರಶ್ನೆಯೇ ಅದು.

"ಅಗದಿ ತಣ್ಣಗರಿ! ದೊಡ್ಡ ದೊಡ್ಡ ಡಬರಿಯೊಳಗ ಮುಚ್ಚಿಟ್ಟಿರ್ತಾರ, ನಾವು ಹೋಗೂದ್ರಾಗ ಆರಿರತೈತಿ. ಮೊದಲನೇ ದಿನಾ ಒಂದು ತುತ್ತು ಬಾಯಾಗ ಇಟ್ಟೆ ನೋಡ್ರಿ, ನಮ್ಮವರು ನನ್ನ ಮಾರಿ ನೋಡಿದ್ರು. ನೀ ಏಳಬ್ಯಾಡ, ಕೂಡು ಅಂದ್ರು. ಆ ಕಡೆ ಮೂಲ್ಯಾಗ ಒಬ್ಬಾಂವ ದ್ವಾಸಿ ಹಾಕ್ತಿದ್ದ. ಅಲ್ಲಿ ಹೋಗಿ ನಿಂತ್ರು. ಹಂಚಿನಿಂದ ತಾಟಿಗೆ ಬೀಳೂದಕ್ಕ ತಡಾ ಇಲ್ಲ, ಓಡಿ ಬರ್ತಿದ್ರು. ನಾ ತಿನ್ನೂದ್ರಾಗ ಮತ್ತ ಓಡ್ತಿದ್ರು. ಮಂದಿ ನಗ್ತಿದ್ರು. ನಗಲಿ ಬಿಡ್ರಿ. ಮೂರೂ ದಿನಾ, ಮೂರೂ ಹೊತ್ತು. ನಾ ಉಂಡ ಮ್ಯಾಲೆ ತಾವು ಉಂಡ್ರು, ಆ ತಣ್ಣಂದ."

"ಮತ್ತ ಸಮುದ್ರ?"

"ನೀರು ಭಾಳ ಐತ್ರಿ. ಕೆಲಸಾ ಇಲ್ಲದ ಬರತೈತಿ, ಹೋಗತೈತಿ."

ನಾನು ಗೋಡಂಬಿ ತೆಗೆದುಕೊಂಡು ಒಳಗೆ ಹೋದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಹಾಗಾಯಿತು. ಮೊದಲನೆಯ ಜಾಗಕ್ಕೆ ಹೋಗಿದ್ದರೆ ಯಾರೋ ಬಾಣಸಿಗ ಆಕೆಗೆ ಬಿಸಿ ಊಟ ಹಾಕುತ್ತಿದ್ದ, ಅಷ್ಟೇ. ನನ್ನ ಸುಳ್ಳಿನಿಂದ ಆಕೆಯ ಗಂಡನೇ ಓಡಿ ಓಡಿ ತಂದು ಹಾಕಿದ. ಆ ಗೋಡಂಬಿಯನ್ನು ನಾನು ತಿನ್ನಲಿಲ್ಲ. ನಮ್ಮವರು ಟಿವಿ ನೋಡುತ್ತ ಒಂದೇ ಸಂಜೆಯಲ್ಲಿ ಮುಗಿಸಿದರು.

ಮುಂದೆ ಎರಡು ವರ್ಷಕ್ಕೆ ನೀಲವ್ವನ ಮೊಣಕಾಲು ಕೈಕೊಟ್ಟವು. ಒಲೆಯ ಮುಂದೆ ಕೂತರೆ ಏಳಲಾಗದು, ಎದ್ದರೆ ಕೂಡಲಾಗದು. ಫಕೀರಪ್ಪನ ಪಾಲಿಗೆ ಬಂದ ಹೊಲ ಮನೆ ಕಲಘಟಗಿ ಕಡೆ ದುಮ್ಮವಾಡದಲ್ಲಿದ್ದವು. ಖಾನಾವಳಿ ಮುಚ್ಚಿ ಅಲ್ಲಿಗೆ ಹೋಗುವುದೆಂದು ಆಯಿತು.

ಹೋಗುವ ದಿನ ಮುಂಜಾನೆ ನನ್ನನ್ನು ಕರೆಸಿದಳು. ಸಾಮಾನೆಲ್ಲ ಟಂಟಂ ಏರಿತ್ತು. ಒಲೆಯೊಂದು ಉರಿಯುತ್ತಿತ್ತು, ಪಕ್ಕದಲ್ಲಿ ಒಂದು ಮುದ್ದೆ ಹಿಟ್ಟು. ಒಲೆಯ ಎದುರಿಗೇ ಮಣೆ ಹಾಕಿ, "ಕೂಡ್ರಿ ಅಕ್ಕಾರ" ಅಂದಳು. ಆಕೆ ಬಡಿದು, ಬೇಯಿಸಿ, ಕೆಂಡದ ಮುಂದೆ ಉಬ್ಬಿಸಿ, ನೇರ ನನ್ನ ತಾಟಿಗೆ ಹಾಕಿದಳು. ಮೇಲೊಂದು ಬೆಣ್ಣೆಯ ಉಂಡೆ. ಇಷ್ಟು ವರ್ಷ ಬಾಜೂಕ್ಕಿದ್ದರೂ ಆಕೆಯ ಒಲೆಯ ಮುಂದೆ ಕೂತು ನಾನು ಉಂಡಿರಲಿಲ್ಲ. ಆ ತುತ್ತು ಬಾಯಲ್ಲಿಟ್ಟಾಗ ನನಗೆ ತಡೆಯಲಾಗಲಿಲ್ಲ. "ನೀಲವ್ವಾ, ನಿನಗ ಒಂದು ಮಾತು ಹೇಳಬೇಕು. ಆ ರೆಸಾರ್ಟ್..." ಎಂದು ಸುರು ಮಾಡಿದೆ.

"ಗೊತ್ತೈತ್ರಿ" ಅಂದಳು, ಇನ್ನೊಂದು ರೊಟ್ಟಿ ತಿರುವಿ ಹಾಕುತ್ತ. "ಬುಕ್ ಮಾಡೂಕಿಂತ ಮೊದಲ ನನ್ನ ಮಗಳು ಎರಡನ್ನೂ ಓದಿದ್ಲು. ಬಿಸಿ ಊಟಾ ಮೊದಲನೇದರಾಗ ಅಂದ್ಲು."

"ಗೊತ್ತಿದ್ದೂ ಅಲ್ಲಿಗ್ಯಾಕ ಹೋಗಲಿಲ್ಲ?"

"ಅದರ ಮ್ಯಾಲೆ ನಿಮ್ಮ ಕಣ್ಣು ಬಿದ್ದಿತ್ತಲ್ರಿ. ಕಣ್ಣು ಬಿದ್ದದ್ದು ನನಗ ಅರಗೂದಿಲ್ಲ. ಅದಕ್ಕ ಬಿಟ್ಟೆ." ಸಿಟ್ಟಿಲ್ಲ, ಕೊಂಕಿಲ್ಲ, ಬಸ್‌ಸ್ಟ್ಯಾಂಡಿನ ಗಿರಾಕಿಗೆ ಹೇಳಿದ ಹಾಗೇ ಹೇಳಿದಳು. "ನಾ ಅದನ್ನ ಎಂಜಲಾ ಮಾಡಿಲ್ರಿ. ನಿಮಗಂತ ಇಟ್ಟೀನಿ. ಒಮ್ಮೆ ಹೋಗಿ ಬರ್ರಿ."

ಫಕೀರಪ್ಪ ಬಂದು ಆಕೆಯ ಎರಡೂ ಕೈ ಹಿಡಿದು ಎಬ್ಬಿಸಿದ. ತನ್ನ ಬಾಜೂಕ್ಕೆ ಕೂಡಿಸಿಕೊಂಡು, ಸೆರಗು ಗಾಲಿಗೆ ಸಿಗದ ಹಾಗೆ ಒಳಗೆ ತುರುಕಿ, ಗಾಡಿ ಬಿಟ್ಟ. ತಿರುವು ದಾಟುವವರೆಗೂ ನಾನು ತಾಟು ಹಿಡಿದುಕೊಂಡೇ ನಿಂತಿದ್ದೆ. ಆಗಲೂ ನನ್ನ ಕಣ್ಣು ಹೋದದ್ದು ಆ ಸೆರಗಿನ ಮೇಲೆಯೇ.

ಈಗ ಗೋಡೆಯ ಆಚೆ ಸದ್ದಿಲ್ಲ. ಆ ತೆಂಗಿನ ಮರದ ರೆಸಾರ್ಟು ಇನ್ನೂ ನನ್ನ ಮೊಬೈಲಿನಲ್ಲಿದೆ. ಮೊನ್ನೆ ಸಂಜೆ ಅದರ ಬಗ್ಗೆ ಬರೆದದ್ದನ್ನೆಲ್ಲ ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ, ಒಂದಕ್ಷರ ಬದಲಿಸಲಿಲ್ಲ. ಪೂರಾ ಕೇಳಿದರು. ಕೇಳಿ, "ರೊಟ್ಟಿ ಆದ್ವೇನ?" ಅಂದರು.

"ಈಗ ಬಡೀತೀನಿ. ಮೊದಲನೇದು ಇವತ್ತ ನಂದು" ಎಂದು ಒಳಗೆ ಹೋಗಿ ಬಡಿದು, ಹಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ನಿಂತಲ್ಲೇ ನಿಂತು ತಿಂದೆ. ಬೆರಳು ಸುಡುವಷ್ಟು ಬಿಸಿ ಇತ್ತು, ರುಚಿಯೂ ಇತ್ತು. ಆದರೆ ಅದನ್ನು ಯಾರೂ ಓಡಿ ಬಂದು ನನ್ನ ತಾಟಿಗೆ ಹಾಕಿರಲಿಲ್ಲ, ನಾನೇ ತೆಗೆದುಕೊಂಡಿದ್ದೆ. ಬಾಯಲ್ಲಿ ತುತ್ತು ಇರುವಾಗಲೇ ದುಮ್ಮವಾಡದ ಆ ಹೆಂಗಸಿನ ಮೇಲೆ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು.