ತಿಲೋನ ದೊಡ್ಡ ಶೂ

ನಮ್ಮಕ್ಕನ ಮಗ ತಿಲೋಗೆ ಹದಿನಾಲ್ಕು ತುಂಬಿದಾಗ ಮೂಗಿನ ಕೆಳಗೆ ಮೀಸೆ ಇಣುಕಿತು. ಬೇರೆ ಹುಡುಗರಾದರೆ ಎಣ್ಣೆ ತಿಕ್ಕಿ ಬೆಳೆಸುತ್ತಾರೆ. ಈ ಮಹಾಶಯ ತಾಯಿಯ ಚಿಮಟ ಕದ್ದು, ಬಚ್ಚಲಲ್ಲಿ ಕೂತು ಒಂದೊಂದೇ ಕೂದಲು ಕೀಳುತ್ತಿದ್ದ. ದನಿ ಒಡೆದಿತ್ತೆಂದು ಚರ್ಚಿನಲ್ಲಿ ಬರೀ ತುಟಿ ಆಡಿಸುತ್ತಿದ್ದ. ಓರಗೆಯವರು ಕರೆದರೂ ಹೋಗದೆ, ಆರು ವರ್ಷದ ತಂಗಿ ಚಾಯೋ ಜೊತೆ ಅಂಗಳದಲ್ಲಿ ಗೋಲಿಯಾಟ.

"ದೊಡ್ಡವನಾದ್ರೆ ಯಾರಾದ್ರೂ ಹಿಡ್ಕೊಂಡ್ ಹೋಗ್ತಾರೇನೋ?" ಎಂದು ನಾನು ರೇಗಿಸಿದೆ.

"ಅಪ್ಪ ಸುಮ್‌ಸುಮ್ನೆ ನಕ್ಕಿದ್ದು ಯಾವತ್ತಾದ್ರೂ ನೋಡಿದೀಯಾ ಚಿಕ್ಕಮ್ಮ?"

ಇಟ್ಟಿಗೆ ಗೂಡಿನಿಂದ ಬಂದು ಗೋಡೆ ನೋಡುತ್ತಾ ಕೂರುವ ಭಾವ ಕಣ್ಣಮುಂದೆ ಬಂದ.

ಜನವರಿ ಐದು. ಬಾಲಯೇಸುವನ್ನು ನೋಡಲು ಹೋಗಿದ್ದ ಮೂವರು ರಾಜರು ಬಂದು ಮಕ್ಕಳ ಶೂಗಳಲ್ಲಿ ಉಡುಗೊರೆ ಇಟ್ಟುಹೋಗುವ ರಾತ್ರಿ. "ಈ ಸಲ ನಿಂಗಿಲ್ಲ ಕಣೋ, ಕೋಣ ಬೆಳೆದ ಹಾಗೆ ಬೆಳೆದಿದೀಯ" ಎಂದು ನಮ್ಮಮ್ಮ ಮೊದಲೇ ಹೇಳಿದ್ದಳು. ಆದರೂ ಅವನು ತನ್ನ ಶೂಗೆ ಪಾಲಿಶ್ ಹಾಕಿ ಚಾಯೋಳ ಶೂ ಪಕ್ಕ ಇಟ್ಟ. ಬೆಳಿಗ್ಗೆ ಅವಳದರಲ್ಲಿ ಪುಟ್ಟ ಅಡುಗೆ ಸಾಮಾನು. ಇವನದರಲ್ಲಿ ನಮ್ಮ ಬೆಕ್ಕಿನ ಮರಿ ಸುಖವಾಗಿ ನಿದ್ದೆ ಹೊಡೆಯುತ್ತಿತ್ತು. ಎಲ್ಲರೂ ನಕ್ಕೆವು. ಅವನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು.

ಮಧ್ಯಾಹ್ನ ಹಬ್ಬದ ದುಂಡು ರೊಟ್ಟಿ ಕೊಯ್ದೆವು. ಅದರೊಳಗೆ ಹುದುಗಿಸಿದ ಬಾಲಯೇಸುವಿನ ಪುಟ್ಟ ಗೊಂಬೆ ಯಾರಿಗೆ ಸಿಗುತ್ತದೋ ಅವರು ಫೆಬ್ರವರಿ ಎರಡಕ್ಕೆ ಮನೆಮಂದಿಗೆಲ್ಲ ತಮಾಲೆ, ಅಂದರೆ ಮೆಕ್ಕೆಜೋಳದ ಕಡುಬು, ಬೇಯಿಸಿ ಹಾಕಬೇಕು. ಮಕ್ಕಳಿಗೆ ಮಾತ್ರ ಮಾಫಿ. "ತಿಲೋಗೆ ಮಾಫಿ ಇಲ್ಲ," ಎಂದಳು ಅಮ್ಮ.

ತಟ್ಟೆಗಳೆಲ್ಲ ಖಾಲಿಯಾದವು, ಗೊಂಬೆ ಮಾತ್ರ ಪತ್ತೆಯಿಲ್ಲ. ತಿಲೋನ ಒಂದು ಕೆನ್ನೆ ಯಾಕೋ ಉಬ್ಬಿತ್ತು. ನಾನು ನೋಡಿದೆ, ಅಮ್ಮನೂ ನೋಡಿದಳು. ಇಬ್ಬರೂ ಬೇಕೆಂದೇ ಸುಮ್ಮನಿದ್ದೆವು.

ಅಷ್ಟರಲ್ಲಿ ಚಾಯೋ ಹೋ ಎಂದು ಅಳತೊಡಗಿದಳು. "ನಾನು ಪಾಪೂನ ತಿಂದ್‌ಬಿಟ್ಟೆ! ಏನೋ ಗಟ್ಟಿ ಸಿಕ್ಕಿತ್ತು, ಅಗಿದ್‌ಬಿಟ್ಟೆ! ದೇವ್ರು ಸತ್ತೋದ!"

ಒಣದ್ರಾಕ್ಷಿ ಇರಬೇಕೆಂದರೆ ಕೇಳುವವಳಲ್ಲ. ಬಾಯೊಳಗೆ ಬೆರಳು ಹಾಕಿಕೊಳ್ಳಲು ಹೊರಟಳು. ತಿಲೋ ನನ್ನ ಮುಖ ನೋಡಿದ, ಬಾಗಿಲು ನೋಡಿದ. ಆಮೇಲೆ ಗೊಂಬೆಯನ್ನು ಅಂಗೈಗೆ ಉಗುಳಿ ಅವಳ ಮುಂದೆ ಹಿಡಿದ.

"ನೋಡು, ನನ್ನ ಹತ್ರ ಇದೆ. ಕೈ ಇದೆ, ಕಾಲಿದೆ. ನೀನೇನೂ ತಿಂದಿಲ್ಲ ಪುಟ್ಟಿ."

"ಸಿಕ್ಕಿಬಿದ್ದೆಯಾ ಕಳ್ಳ! ನಾಳೆಯಿಂದ ಹಿಟ್ಟು ನಾದೋದು ಕಲಿ," ಎಂದಳು ಅಮ್ಮ. ಹಾಗೆಂದವಳೇ ಅಡುಗೆಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು.

ಫೆಬ್ರವರಿ ಎರಡರಂದು ತಿಲೋ ಮೊಣಕೈವರೆಗೂ ಮೆಕ್ಕೆಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ಮೊದಲ ಒಬ್ಬೆ ತಮಾಲೆಯಲ್ಲಿ ಉಪ್ಪು ಕೈಮೀರಿತ್ತು. ಭಾವ ಒಂದು ತುತ್ತು ತಿಂದು, ಮಗನ ಮುಖ ನೋಡಿ, ಗಹಗಹಿಸಿ ನಕ್ಕ. ತಿಲೋ ನಾದುವುದು ಬಿಟ್ಟು ಅಪ್ಪನನ್ನೇ ನೋಡುತ್ತಾ ನಿಂತ.

ಚಾಯೋ ಅವನ ಅಂಗಿ ಜಗ್ಗಿದಳು. "ರಾಜರು ನಿಂಗ್ಯಾಕೆ ಏನೂ ಇಡ್ಲಿಲ್ಲ?"

"ನನ್ನ ಶೂ ದೊಡ್ಡದಲ್ವಾ, ಅಪ್ಪಂದು ಅಂದ್ಕೊಂಡ್ರೇನೋ."

ಅವಳು ಸ್ವಲ್ಪ ಯೋಚಿಸಿದಳು. "ಮುಂದಿನ್ ವರ್ಷ ನನ್ನ ಒಂದು ಶೂ ನಿಂಗೆ ಕೊಡ್ತೀನಿ. ನಂಗೊಂದು ಸಾಕು."

"ಹೂಂ, ಆಗ್ಲಿ," ಎಂದ ತಿಲೋ. ಆ ಸಲ ಅವನ ದನಿ ಒಡೆಯಲಿಲ್ಲ.