ಲಾಗ್‌ಬುಕ್ಕಿಗಾಗಿ ಉಪವಾಸ

ನಮ್ಮ ಅತ್ತಿಗೆ ಪುಟ್ಟಗಂಗಮ್ಮ ಊಟ ಬಿಡುವ ಪೈಕಿ ಅಲ್ಲ. ಏಕಾದಶಿ ಬರಲಿ, ಶಿವರಾತ್ರಿ ಬರಲಿ, “ನಾನುಂಡ್ರೆ ದೇವ್ರಿಗೇನು ಹೊಟ್ಟೆನೋವಾ?” ಎಂದು ಮುದ್ದೆ ಮುರಿಯುವವಳು. ಅಂಥವಳು ಹೋದ ವರ್ಷ ಒಂದು ಬುಧವಾರ ಬೆಳಗಿನಿಂದ ಬರೀ ನೀರು ಕುಡಿದುಕೊಂಡು ಓಡಾಡುತ್ತಿದ್ದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೇಳಿದರೆ, “ನಾಳೀಕೆ ಶಾಂತಲಾ ಬತ್ತಾಳೆ ಕಣೋ” ಅಂದಳು. ಶಾಂತಲಾ ಯಾವ ದೇವರೂ ಅಲ್ಲ. ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿರುವ ಕುಣಿಗಲ್ ಕಡೆಯ ಹುಡುಗಿ.

ಆ ಹುಡುಗಿ ನಮ್ಮ ಮನೆಗೆ ಬರಲು ಶುರುವಾಗಿ ಆಗಲೇ ಎರಡು ವರ್ಷವಾಗಿತ್ತು. ಈಗ ಡಾಕ್ಟರ್ ಓದುವವರಿಗೆ ಆಸ್ಪತ್ರೆ ಒಂದೇ ಸಾಲದಂತೆ. ಮೊದಲನೇ ವರ್ಷದಿಂದಲೇ ಒಬ್ಬೊಬ್ಬರಿಗೆ ಹಳ್ಳಿಯ ನಾಲ್ಕೈದು ಮನೆ ಕೊಡುತ್ತಾರೆ, ಓದು ಮುಗಿಯುವತನಕ ಆ ಮನೆಯವರ ಆರೋಗ್ಯ ನೋಡಿಕೊಳ್ಳಬೇಕು. ಕಾಲೇಜಿನ ಬಸ್ಸು ನಮ್ಮೂರು ಕಡಬಕ್ಕೆ ಬಂದ ದಿನ ಊರಿಗೆ ಊರೇ ತಬ್ಬಿಬ್ಬಾಯಿತು. ಕಾಯಿಲೆ ಇಲ್ಲದವರ ಮನೆಗೆ ಡಾಕ್ಟರಿಗೇನು ಕೆಲಸ? ಬಿಳಿ ಕೋಟಿನ ಮಕ್ಕಳು ಕುಡಿಯೋ ನೀರು ಎಲ್ಲಿಂದ ತರ್ತೀರಿ, ಕಕ್ಕಸು ಎಲ್ಲಿದೆ, ಸಾರಿಗೆ ಉಪ್ಪು ಎಷ್ಟು ಹಾಕ್ತೀರಿ ಎಂದೆಲ್ಲ ಕೇಳಿ ದಪ್ಪ ಲಾಗ್‌ಬುಕ್ಕಿನಲ್ಲಿ ಬರೆದುಕೊಂಡರು. ನಮ್ಮಣ್ಣ ದೊಡ್ಡರಂಗಯ್ಯ, “ಇವ್ರು ಡಾಕ್ಟ್ರಲ್ಲ, ಜನಗಣತಿಯೋರು” ಎಂದು ತೀರ್ಪು ಕೊಟ್ಟು ತೋಟಕ್ಕೆ ಹೋದ.

ಅವತ್ತು ಶಾಂತಲಾ ಅತ್ತಿಗೆಯ ಬೆರಳು ಚುಚ್ಚಿ ಸಣ್ಣ ಮೆಷಿನ್ನಿಗೆ ರಕ್ತ ಹಚ್ಚಿದಳು. ಸಕ್ಕರೆ ಇನ್ನೂರ ಎಂಬತ್ತಾರು ಅಂತ ತೋರಿಸಿತು. ಬರೆದುಕೊಳ್ಳುವಾಗ ಹುಡುಗಿಯ ಮುಖ ಬಾಡಿಹೋಯಿತು. ಅತ್ತಿಗೆ ಗಮನವಿಟ್ಟು ನೋಡಿದ್ದು ಮೆಷಿನ್ನನ್ನಲ್ಲ, ಆ ಮುಖವನ್ನು.

ಶಾಂತಲಾ ಬರುವ ಹಿಂದಿನ ವಾರ ತಪ್ಪದೆ ಫೋನ್ ಮಾಡುತ್ತಿದ್ದಳು. ಆ ವಾರವಷ್ಟೇ ಅತ್ತಿಗೆ ಸರ್ಕಾರಿ ಆಸ್ಪತ್ರೆಯವರು ಸಕ್ಕರೆ ಕಾಯಿಲೆಗೆ ಕೊಟ್ಟ ಮಾತ್ರೆ ನುಂಗುತ್ತಿದ್ದಳು, ಹಿಂದಿನ ದಿನ ಪೂರ್ತಿ ಉಪವಾಸ. ಮಿಕ್ಕ ದಿನ ಬೆಲ್ಲದ ಕಾಫಿ, ಹಬ್ಬದ ಒಬ್ಬಟ್ಟು, ಯಾವುದಕ್ಕೂ ಕೊರತೆಯಿಲ್ಲ. ಮೆಷಿನ್ನಿನಲ್ಲಿ ಮಾತ್ರ ನೂರ ಹದಿನೆಂಟು, ನೂರ ಹದಿನಾರು, ಮತ್ತೆ ನೂರ ಹದಿನೆಂಟು. “ಸೂಪರ್ ದೊಡ್ಡಮ್ಮಾ!” ಎಂದು ಹುಡುಗಿ ತಬ್ಬಿಕೊಂಡರೆ ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುವಳು.

ಇದೆಲ್ಲ ನನಗೆ ತಿಳಿದದ್ದು ಆ ಬುಧವಾರ. ನನಗೆ ರೇಗಿಹೋಯಿತು. “ಅತ್ಗೆ, ನಿನಗೆ ಬುದ್ಧಿಗಿದ್ಧಿ ಐತಾ? ಇದ್ಯಾವ ನಾಟ್ಕ?”

“ಅಲ್ಲ ಕಣೋ ಚಿಕ್ಕರಂಗ, ನಿನ್ ಇಸ್ಕೂಲ್ಗೆ ಇನ್ಸ್‌ಪೆಕ್ಷನ್ ಬಂದಾಗ ನೀನೇನ್ ಮಾಡ್ತೀಯ? ದಡ್ಡ ಮಕ್ಳಿಗೆ ಅವತ್ತು ಬರ್ಬ್ಯಾಡಿ ಅನ್ನಲ್ವಾ? ಬಂದೋರಿಗೆ ಉತ್ರ ಉರು ಹೊಡ್ಸಲ್ವಾ? ಮಕ್ಳು ಬಾಯ್ ಬುಡ್ದಿದ್ರೆ ಬೈಸ್ಕಳೋನು ಮೇಷ್ಟ್ರು. ನನ್ ಸಕ್ರೆ ಜಾಸ್ತಿ ಬಂದ್ರೆ ಆ ಕೂಸಿಗೆ ಮಾರ್ಕ್ಸ್ ಹೋಯ್ತದೆ.”

ನಾನು ಹೆಡ್‌ಮೇಷ್ಟ್ರು. ಅತ್ತಿಗೆ ನಮ್ಮ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದವಳು. ಅವಳು ಹೇಳಿದ ಒಂದೊಂದು ಮಾತೂ ನಿಜ. ತಾಯಿ ಇಲ್ಲದ ನನ್ನನ್ನು ಒಂಬತ್ತನೇ ವರ್ಷದಿಂದ ಸಾಕಿದವಳೂ ಅವಳೇ. “ಯಾರ್ಗೂ ಹೇಳ್ಬ್ಯಾಡ, ನನ್ನಾಣೆ” ಅಂದಳು. ಆಯಿತು ಅಂದುಬಿಟ್ಟೆ.

ನಿಜ ಹೇಳಬೇಕೆಂದರೆ ನನಗೂ ಗೊಂದಲ. ಮೆಡಿಕಲ್ ಕಾಲೇಜಿನಲ್ಲಿ ಮಾರ್ಕ್ಸ್ ಹೇಗೆ ಕೊಡುತ್ತಾರೋ ನಾನೇನು ಕಂಡವನೇ? ರೋಗಿ ವಾಸಿಯಾದರೆ ತಾನೇ ಡಾಕ್ಟರು ಪಾಸು? ಹೇಳಿದರೆ ಹುಡುಗಿಯ ಮಾರ್ಕ್ಸ್ ಹೋಗುತ್ತದೆ, ಹೇಳದಿದ್ದರೆ ಅತ್ತಿಗೆಯ ಆರೋಗ್ಯ. ನಾಳೆ ಹೇಳೋಣ, ಮುಂದಿನ ಸಲ ಹೇಳೋಣ ಎಂದು ದಿನ ದೂಡಿದೆ. ಅದೇ ಹೊತ್ತಿಗೆ ತೋಟದಲ್ಲಿ ತೆಂಗಿನ ಗರಿಯ ಸಿಬಿರು ಅತ್ತಿಗೆಯ ಬಲಗಾಲಿನ ಕಿರುಬೆರಳಿಗೆ ಚುಚ್ಚಿತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡಳು. “ನೋವೇ ಇಲ್ಲ ಬುಡು” ಅಂದಳು. ನೋವಿಲ್ಲ ಅಂದಮೇಲೆ ಏನು ಭಯ ಎಂದು ನಾನೂ ಸುಮ್ಮನಾದೆ. ಸಕ್ಕರೆ ಕಾಯಿಲೆಯವರ ಕಾಲಿಗೆ ನೋವು ಗೊತ್ತಾಗದಿರುವುದೇ ಅಪಾಯವಂತೆ. ನನ್ನ ಓದಿಗಿಷ್ಟು ಬೆಂಕಿ ಹಾಕ.

ಅದಾದ ಮೇಲಿನ ಸಲ ಬಂದಾಗ ಶಾಂತಲಾ, “ಕಾಲು ತೋರ್ಸಿ ದೊಡ್ಡಮ್ಮ, ಶುಗರ್ ಇರೋರ ಪಾದ ನೋಡ್ಬೇಕು” ಅಂದಳು. ಅತ್ತಿಗೆ ಸೀರೆಯೊಳಗೆ ಕಾಲೆಳೆದುಕೊಂಡಳು. “ಡಾಕ್ಟ್ರಾಗೋಳು ಕಾಲ್ಗೆ ಕೈ ಹಾಕ್ತಾರಾ? ಏಳವ್ವ, ಕಾಫಿ ಕುಡಿ.” ಹುಡುಗಿ ನಕ್ಕು ಕಾಫಿ ಲೋಟ ತೆಗೆದುಕೊಂಡಳು. ಅವತ್ತು ತೋಳಿನಿಂದ ಒಂದು ಟ್ಯೂಬು ರಕ್ತ ತೆಗೆದುಕೊಂಡು ಹೋದಳು.

ಹದಿನೈದು ದಿನಕ್ಕೆ, ಫೋನೂ ಇಲ್ಲ ಏನೂ ಇಲ್ಲ, ಶಾಂತಲಾಳ ಜೊತೆ ಅವಳ ಪ್ರೊಫೆಸರ್ ಪ್ರೇಮಲತಾ ಮೇಡಂ ಬಂದಿಳಿದರು. ಶಾಂತಲಾ ಲಾಗ್‌ಬುಕ್ ತೆರೆದು, “ಶುಗರ್ ವೆಲ್ ಕಂಟ್ರೋಲ್ಡ್ ಮೇಡಂ” ಎಂದು ಒಪ್ಪಿಸಿದಳು. ಮೇಡಂ ಕೈಯಲ್ಲಿದ್ದ ಚೀಟಿ ನೋಡಿ, “ಟ್ಯೂಬಿನ ರಿಪೋರ್ಟ್ ಹನ್ನೊಂದು ಬಂದಿದೆ” ಅಂದರು.

ಅತ್ತಿಗೆಯ ಮುಖ ಅರಳಿತು. “ಕೇಳ್ದೇನೋ ಚಿಕ್ಕರಂಗ? ನೂರ ಹದ್ನೆಂಟಿದ್ದದ್ದು ಹನ್ನೊಂದ್ಕೆ ಇಳ್ದೈತೆ!”

ಯಾರೂ ನಗಲಿಲ್ಲ. ಈ ಲೆಕ್ಕವೇ ಬೇರೆ, ಇದು ಇವತ್ತಿನ ಸಕ್ಕರೆಯಲ್ಲ, ಮೂರು ತಿಂಗಳಿನದು, ಏಳರ ಒಳಗಿರಬೇಕು ಎಂದು ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ದಿನ ಉಪವಾಸವಿದ್ದರೆ ಇದು ಮೋಸಹೋಗುವುದಿಲ್ಲವಂತೆ. ಅತ್ತಿಗೆ ಪೆಚ್ಚಾಗಿ, “ಮೂರ್ ತಿಂಗ್ಳಲ್ಲಿ ಉಂಡದ್ದು ರಕ್ತಕ್ಕೆಂಗೆ ನೆಪ್ಪಿರ್ತದೆ?” ಎಂದಳು. ಮೇಡಂ ಶಾಂತಲಾಳ ಕಡೆ ತಿರುಗಿ, “ಪಾದ ನೋಡಿದೆಯಾ?” ಎಂದರು. “ಬೇಡ ಅಂದ್ರು ಮೇಡಂ.” ಮೇಡಂ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಅತ್ತಿಗೆ ಬೇಡಬೇಡ ಎನ್ನುತ್ತಿದ್ದರೂ ಬಟ್ಟೆ ಬಿಚ್ಚಿದರು. ಕಿರುಬೆರಳು ಕಪ್ಪಾಗಿತ್ತು.

ಅವತ್ತೇ ತುಮಕೂರಿಗೆ ಕರೆದೊಯ್ದೆವು. ಪಾದ ಉಳಿಯಿತು, ಬೆರಳು ಉಳಿಯಲಿಲ್ಲ. ಮರುದಿನ ಮೇಡಂ ವಾರ್ಡಿಗೆ ಬಂದಾಗ ಅತ್ತಿಗೆ ಕೇಳಿದ ಮೊದಲ ಮಾತು, “ನಮ್ ಹುಡ್ಗೀನ ಫೇಲ್ ಮಾಡ್ಬ್ಯಾಡ್ರವ್ವ.” ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಅಮ್ಮ, ನಿಮ್ಮ ಶುಗರ್ ಎಷ್ಟು ಬಂದ್ರೂ ಅವಳಿಗೆ ಒಂದ್ ಮಾರ್ಕ್ಸೂ ಕಟ್ ಆಗ್ತಿರ್ಲಿಲ್ಲ. ಇರೋದನ್ನ ಇರೋ ಹಾಗೆ ನೋಡೋದೇ ಅವಳು ಕಲೀಬೇಕಾದ್ದು.”

ಹೊರಗೆ ವರಾಂಡದಲ್ಲಿ ಶಾಂತಲಾ ಗೋಡೆಗೊರಗಿ ನಿಂತಿದ್ದಳು. ಎಲ್ಲ ಒಪ್ಪಿಕೊಂಡುಬಿಡೋಣ ಎಂದು ಬಾಯಿ ತೆರೆದರೆ ಅವಳೇ ಮೊದಲು ಅಂದಳು: “ಸರ್, ನಂಗೆ ಡೌಟ್ ಇತ್ತು. ಪ್ರತಿ ಸಲ ಅಷ್ಟು ನೀಟಾಗಿ ಯಾರ ಶುಗರ್ರೂ ಬರಲ್ಲ. ಬುಕ್ ಚೆನ್ನಾಗಿ ಕಾಣ್ತಿತ್ತು, ಅದಕ್ಕೇ ಕೆದಕಲಿಲ್ಲ.” ಹೇಳುತ್ತಲೇ ಅತ್ತುಬಿಟ್ಟಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ನನಗೆ ತೋಚಲಿಲ್ಲ. ಅವಳಿಗೆ ಬರೀ ಅನುಮಾನ, ನನಗೆ ಚೆನ್ನಾಗಿ ಗೊತ್ತಿತ್ತು.

ಒಳಗೆ ಹೋಗಿ ಅತ್ತಿಗೆಯ ಹಾಸಿಗೆಯ ಪಕ್ಕ ಕೂತೆ. ಅವಳು ಕಟ್ಟು ಹಾಕಿದ ಪಾದವನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದಳು.

“ಆಣೆ ಹಾಕಿದ್ದು ನಾನೇ ಕಣಪ್ಪ. ನಾನು ಓದ್ದೋಳಲ್ಲ. ನೀನು ಮೇಷ್ಟ್ರಲ್ವಾ, ನನ್ ಮಾತ್ನ ಯಾಕ್ ಕೇಳ್ದೆ?”